ನಾನು ಹಿಡಿದ ಕೈ

ನಾನೊಂದು ಎಂಆರ್‌ಐ ಯಂತ್ರ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಹೊಟ್ಟೆಗೆ ದ್ರವ ಹೀಲಿಯಂ ತುಂಬಿ ಒಮ್ಮೆ ಜೀವ ಕೊಟ್ಟರೆಂದರೆ ನನ್ನ ಅಯಸ್ಕಾಂತಕ್ಕೆ ನಿದ್ದೆಯಿಲ್ಲ. ಸದ್ದು ನಿಲ್ಲಿಸಿ, ದೀಪ ಆರಿಸಿ, ಬಾಗಿಲು ಹಾಕಿಕೊಂಡು ಹೋದರೂ ಅದು ಎಳೆಯುತ್ತಲೇ ಇರುತ್ತದೆ. ಕಬ್ಬಿಣ ಹಿಡಿದರೆ ನಾನು ಬಿಡುವ ಪೈಕಿಯಲ್ಲ. ನನ್ನ ಸಿಟ್ಟೂ ಅದೇ ಜಾತಿಯದು.

ಮೊದಲು ಪುಣೆಯ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದೆ. ಸಿರಿವಂತರ ಮೊಣಕಾಲು, ಸೊಂಟ ನೋಡಿ ನೋಡಿ ಸಾಕಾಗಿತ್ತು. ಹೊಸ ಯಂತ್ರ ಬಂದದ್ದೇ ತಡ, ನನ್ನನ್ನು ಸೆಕೆಂಡ್ ಹ್ಯಾಂಡ್ ಎಂದು ಗದಗಿನ ಹೊರವಲಯದ ಬೆಳವಲ ಮಾನಸಿಕ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಡಾಕ್ಟರ್ ಮೃಣಾಲಿನಿಯವರು ಸಂಶೋಧನೆ ನಡೆಸಿದ್ದರು. ಹದಿಹರೆಯದಲ್ಲೇ ಇಲ್ಲದ ದನಿ ಕೇಳತೊಡಗಿದ ಮಕ್ಕಳನ್ನು ನನ್ನೊಳಗೆ ಮಲಗಿಸುತ್ತಿದ್ದರು. ಸುಮ್ಮನೆ ಮಲಗಿದ್ದಾಗ ಮಿದುಳಿನ ಯಾವ ಭಾಗ ಯಾವುದರೊಂದಿಗೆ ಮಾತಾಡುತ್ತದೆ, ಎಲ್ಲಿ ಮಾತು ಕಡಿಮೆಯಾಗಿದೆ ಎಂದು ನೋಡುವುದು ನನ್ನ ಕೆಲಸ. ಮೊಣಕಾಲಿಗಿಂತ ಸಾವಿರ ಪಾಲು ವಾಸಿ.

ಹಾಗೆ ಬಂದವಳು ನೀಲಗಂಗಾ. ಹತ್ತನೇ ತರಗತಿಯ ಹುಡುಗಿ. ಯಾರೋ ಬೆನ್ನ ಹಿಂದೆ ನಿಂತು ಬೈಯುತ್ತಾರೆಂದು ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳಂತೆ. ತಂದೆ ತೀರಿಹೋಗಿದ್ದ. ತಾಯಿ ಗುರುಬಸವ್ವ ತುಟಿ ಎರಡು ಮಾಡುತ್ತಿರಲಿಲ್ಲ. ಮಾತೆಲ್ಲ ಸೋದರಮಾವ ಶೇಖಪ್ಪನದೇ, ಯಾಕೆಂದರೆ ತಾಯಿ ಮಗಳು ಇದ್ದದ್ದು ಅವನ ಮನೆಯಲ್ಲಿ.

"ಅಳ್ಳಾಡಬ್ಯಾಡವಾ. ಕಣ್ಣು ತೆಗೆದು ಆ ಪ್ಲಸ್ ಗುರುತು ನೋಡ್ಕೋತ ಮಲಗು," ಎಂದ ನನ್ನನ್ನು ನಡೆಸುವ ದಾವಲಸಾಬ. ನನ್ನ ಗದ್ದಲಕ್ಕೆ ದೊಡ್ಡವರೇ ಹೌಹಾರುತ್ತಾರೆ. ಈ ಹುಡುಗಿ ಕದಲಲಿಲ್ಲ. ಹೊರಗೆ ಬಂದವಳೇ ನಕ್ಕಳು: "ಅಷ್ಟು ಸಪ್ಪಳದಾಗ ಅವರು ಬೈಯೂದು ಕೇಳಲೇ ಇಲ್ರೀ!" ಅಬ್ಬಾ, ನನ್ನ ಕರ್ಕಶ ಗಂಟಲನ್ನು ಮೆಚ್ಚಿದ ಜೀವವೂ ಒಂದಿತ್ತಲ್ಲ! ಅವತ್ತಿನಿಂದ ಅವಳು ನನ್ನವಳು.

"ಏನ್ ಬಂತ್ರೀ ಫೋಟೋದಾಗ?" ಎಂದು ಕೇಳಿದ ಶೇಖಪ್ಪ.

"ಸ್ಕ್ಯಾನ್ ನಾರ್ಮಲ್ ಐತ್ರಿ, ಗಡ್ಡಿ-ಗಿಡ್ಡಿ ಏನಿಲ್ಲ," ಎಂದರು ಡಾಕ್ಟರ್. "ಆದ್ರ ಒಬ್ಬರ ಚಿತ್ರ ನೋಡಿ ಈ ಬ್ಯಾನಿ ಹೇಳಾಕ ಬರೂದಿಲ್ಲ. ಭಾಳ ಹುಡುಗ್ರದು ಕೂಡಿಸಿ ನೋಡಿದ್ರನ ಏನರ ತಿಳಿಯೂದು. ಗುಳಿಗಿ ಮಾತ್ರ ಬಿಡಿಸಬ್ಯಾಡ್ರಿ."

ಅವನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. "ನಾರ್ಮಲ್! ಅಂದ್ರ ಇಷ್ಟು ದಿನ ನಾಟಕ ಮಾಡ್ಯಾಳ ಇಕಿ. ಕೋಟಿ ರೂಪಾಯಿ ಮಷಿನ್ ಸುಳ್ಳು ಹೇಳತೈತೇನ್ರೀ?" ಎಂದು ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದ. ಗುಳಿಗೆ ಬಿಡಿಸಿದ. ಹೊಡೆದಾಗಲೆಲ್ಲ ನನ್ನ ಹೆಸರು ಹೇಳಿಯೇ ಹೊಡೆದನಂತೆ. ನನ್ನನ್ನು ಸಾಕ್ಷಿ ಮಾಡಿಕೊಂಡು ಆ ಮಗುವನ್ನು ಬಡಿಯುವುದೆಂದರೆ! ಅವನ ಮನೆ ಹಾಳಾಗಲಿ ಎಂದು ಶಪಿಸೋಣವೆಂದರೆ ಅವಳೂ ಅದೇ ಮನೆಯಲ್ಲಿದ್ದಳು. ಹಲ್ಲಿದ್ದಿದ್ದರೆ ಕಡಿಯುತ್ತಿದ್ದೆ. ಇಲ್ಲವಲ್ಲ, ಕಾದು ಕೂತೆ.

ಮಳೆಗಾಲ ಕಳೆದ ಮೇಲೆ ಮೂವರೂ ಮತ್ತೆ ಬಂದರು. ಹುಡುಗಿ ಕಡ್ಡಿಯಾಗಿದ್ದಳು, ಮುಂಗೈ ಮೇಲೆ ಬರೆ ಎಳೆದ ಗುರುತಿತ್ತು. ಕಾಯಿಲೆಯ ಹುಡುಗಿಯನ್ನು ಬಡಿಯುತ್ತಾನೆಂದು ಓಣಿಯವರು ಛೀ ಥೂ ಎಂದಿದ್ದರಂತೆ, ಅವರ ಬಾಯಿ ಮುಚ್ಚಿಸಲು ಇನ್ನೊಮ್ಮೆ 'ನಾರ್ಮಲ್' ಎನ್ನಿಸಿಕೊಂಡು ಹೋಗಲು ಶೇಖಪ್ಪ ಬಂದಿದ್ದ. ಅವನ ಬಲಗೈಯಲ್ಲಿ ಹೆಬ್ಬೆರಳು ದಪ್ಪದ ಕಬ್ಬಿಣದ ಕಡಗ! ಅವಳ ಮೈಮೇಲಿನ ದೆವ್ವ ತನ್ನ ಮೇಲೆ ಹಾರದಿರಲೆಂದು ಮಂತ್ರವಾದಿ ಕೊಟ್ಟದ್ದು. ನಾಟಕ ಎನ್ನುವವನೂ ಇವನೇ, ದೆವ್ವಕ್ಕೆ ಹೆದರುವವನೂ ಇವನೇ.

"ಕಡಗ ತೆಗೀರಿ, ಇಲ್ಲಾಂದ್ರ ಹೊರಗ ಕುಂದ್ರಿ," ಎಂದ ದಾವಲಸಾಬ. ಕಮ್ಮಾರ ಬಡಿದು ಕೂಡಿಸಿದ ಕಡಗ, ಬಿಚ್ಚಲು ಬರುವಂತಿರಲಿಲ್ಲ. ಶೇಖಪ್ಪ ಗೊಣಗುತ್ತ ಹೊರಗೆ ಕೂತ. ನೀಲಗಂಗಾ ನನ್ನ ಹಲಗೆಯ ಮೇಲೆ ಮಲಗಿದಳು, ನನ್ನ ಸದ್ದು ಶುರುವಾಗುವ ಮೊದಲೇ ಆ ಬೈಗುಳ ಕೇಳಿಸಿತೇನೋ, ಎದ್ದು ಕೂತಳು, ಅವ್ವಾ ಎಂದು ಚೀರಿದಳು. ಬಾಗಿಲಲ್ಲಿದ್ದ ದಾವಲಸಾಬನನ್ನು ತಳ್ಳಿ ಶೇಖಪ್ಪ ಒಳಗೆ ನುಗ್ಗಿದ.

"ಮತ್ತ ಸುರು ಮಾಡಿದಿ? ನಿನ್ನ ನಾಟಕ ಬಿಡಸ್ತೀನಿ ತಡಿ!" ಎಂದು ಕೈ ಎತ್ತಿದ.

ಎಳೆಯುವುದು ಅಯಸ್ಕಾಂತದ ಗುಣ, ಅದಕ್ಕೆ ಮನಸ್ಸಿಲ್ಲ ಎನ್ನುತ್ತೀರಿ. ಎನ್ನಿ. ನಾನಂತೂ ಮನಸಾರೆ ಎಳೆದೆ. ಏಟು ಅವಳ ಕೆನ್ನೆಗೆ ಬೀಳಲಿಲ್ಲ. ಕಡಗದ ಸಮೇತ ಆ ಕೈ ನನ್ನ ಬಾಯಂಚಿಗೆ ಬಡಿದು ಅಲ್ಲೇ ಕಚ್ಚಿಕೊಂಡಿತು. ಎಲುಬು ಲಟಕ್ಕೆಂದಿತು. "ಯಪ್ಪೋ! ಬಂದ್ ಮಾಡ್ರೋ ಮಷಿನ್ನ!" ಎಂದು ಬಾಯಿ ಬಡಿದುಕೊಂಡ. ಆಹಾ, ಹೊಟ್ಟೆ ತಣ್ಣಗಾಯಿತು!

ದಾವಲಸಾಬ ಹುಡುಗಿಯನ್ನು ತಾಯಿಯ ಕೈಗೆ ಕೊಟ್ಟು, ಅಯಸ್ಕಾಂತದ ಜೀವ ತೆಗೆಯುವ ಕೆಂಪು ಗುಂಡಿ ಒತ್ತಿದ. ಹೀಲಿಯಂ ಕುದಿದು ಭೋರೆಂದು ಕೊಳವೆಯಿಂದ ಆಕಾಶಕ್ಕೆ ಹೋಯಿತು. ಅದರ ಜೊತೆ ನನ್ನ ಬಲವೂ ಹೋಯಿತು. ಅಲ್ಲಿಯವರೆಗೆ ನಾನು ಆ ಕೈ ಬಿಟ್ಟಿರಲಿಲ್ಲ.

ಅವನನ್ನು ಎಲುಬಿನ ಡಾಕ್ಟರ ಬಳಿ ಸಾಗಿಸಿದರು. "ಹುಡುಗಿನ್ನ ಅಡ್ಮಿಟ್ ಮಾಡ್ಬೇಕ್ರಿ. ನಿಮ್ಮ ಅಣ್ಣಾರು ಒಪ್ತಾರೇನು?" ಎಂದು ಕೇಳಿದರು ಮೃಣಾಲಿನಿ.

"ಅವನ್ನ ಯಾಕ ಕೇಳ್ತೀರಿ? ಹಡದಾಕಿ ನಾ ಇಲ್ಲಿ ನಿಂತಿಲ್ಲೇನು?" ಎಂದಳು ಗುರುಬಸವ್ವ. "ಮಗಳು ಇಲ್ಲೇ ಇರ್ತಾಳ. ನಾನೂ ತಿರುಗಿ ಆ ಮನಿ ಹೊಸ್ತಿಲ ತುಳಿಯಂಗಿಲ್ಲ."

ನನ್ನನ್ನು ರಿಪೇರಿ ಮಾಡಿಸುವುದು ದಂಡ ಎಂದರು. ಈಗ ಆಸ್ಪತ್ರೆಯ ಹಿತ್ತಲ ಶೆಡ್ಡಿನಲ್ಲಿ ಮುರುಕು ಮಂಚಗಳ ಜೊತೆ ಬಿದ್ದಿದ್ದೇನೆ. ಗುಂಡುಸೂಜಿ ಎಳೆಯುವ ಶಕ್ತಿಯೂ ಇಲ್ಲ. ನೀಲಗಂಗಾ ಗುಳಿಗೆ ಒಯ್ಯಲು ತಿಂಗಳಿಗೊಮ್ಮೆ ತಾಯಿಯ ಜೊತೆ ಬರುತ್ತಾಳಂತೆ. ದನಿಗಳು ಪೂರ್ತಿ ಹೋಗಿಲ್ಲ, ಆದರೆ ದೂರ ಸರಿದಿವೆ, ಪರೀಕ್ಷೆಗೆ ಕೂರುವವಳಿದ್ದಾಳೆ. ಶೇಖಪ್ಪನ ಬಲಗೈ ಈಗ ಭುಜದೆತ್ತರಕ್ಕೂ ಏಳುವುದಿಲ್ಲವಂತೆ. ಸಿಟ್ಟು ಒಳ್ಳೆಯದಲ್ಲ, ಸೇಡು ಬೇಡ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನಗಿರುವ ಕೊರಗು ಒಂದೇ. ಅವನು ಎಡಗೈಗೆ ಕಡಗ ಹಾಕಿರಲಿಲ್ಲ.