ಹೆಸರು ಕೇಳದೆ ಸ್ವಿಚ್ಚಿಲ್ಲ

"ಯಾಕ ಸುಮ್ಮನಾದಾ ಇಂವಾ?"

ಮುಂಬೈನ ಪವಾಯಿಯ ಹದಿನೆಂಟು ಮಹಡಿಯ ಬಿಲ್ಡಿಂಗಿನ ನೆತ್ತಿಯಲ್ಲಿ, ಲಿಫ್ಟಿನ ಮೋಟಾರ್ ರೂಮಿನಲ್ಲಿ, ಶಿವಪುತ್ರಪ್ಪ ಕೇಳಿದ್ದು ಯಾರನ್ನೂ ಅಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೈ ಸ್ವಿಚ್ಚಿನ ಮೇಲಿತ್ತು. ಅವನ ರಿಪೇರಿ ಕೆಲಸದಲ್ಲಿ ಒಂದು ಕಟ್ಟುನಿಟ್ಟು: ಕರೆಂಟ್ ಕೊಡುವ ಮೊದಲು ಮೇಲಿನವನು "ಯಾರದಾರ ಅಲ್ಲೆ?" ಎಂದು ಕೂಗಬೇಕು, ಕೆಳಗೆ ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ದುಡಿಯುವವನು ಅಲ್ಲಿಂದ ಹೊರಬಂದು ತನ್ನ ಹೆಸರು ಹೇಳಬೇಕು. ಹೆಸರು ಕೇಳದೆ ಸ್ವಿಚ್ಚಿಲ್ಲ.

ಮೂರು ಸಲ ಕೂಗಿದರೂ ಕೆಳಗಿದ್ದ ಯಲ್ಲಾಲಿಂಗನ ದನಿ ಬರಲಿಲ್ಲ. ಶಿವಪುತ್ರಪ್ಪ ಮಂಡಿನೋವು ಮರೆತು ಮೆಟ್ಟಿಲಿಳಿದ. ಹದಿನಾರನೆಯ ಮಹಡಿಯ ತೆರೆದ ಬಾಗಿಲಾಚೆ, ಹನ್ನೊಂದು ವರ್ಷದಿಂದ ತನ್ನ ಜೊತೆ ದುಡಿದವನು ಲಿಫ್ಟಿನ ಮೇಲೆ ಮೊಣಕಾಲು ತಬ್ಬಿ ಕೂತಿದ್ದ.

"ಕೇಳಿಸ್ತಣ್ಣಾ. ಹೆಸರು ಹೇಳಾಕ ಮನಸಾಗ್ಲಿಲ್ಲ. ಹಂಗ ಸ್ವಿಚ್ ಹಾಕಿಬಿಡ್ಲಿ ಅನಸ್ತು."

ಶಿವಪುತ್ರಪ್ಪ ಬಯ್ಯಲಿಲ್ಲ. ಕೈ ಹಿಡಿದು ಹೊರಗೆಳೆದುಕೊಂಡು ಬಾಗಿಲು ಹಾಕಿದ.

"ಯಾವಾಗಿಂದ ಹಿಂಗ?"

"ಗಣಪತಿ ಹಬ್ಬದಿಂದ. ನಿದ್ದಿನ ಇಲ್ಲ."

"ಡಬ್ಬಿ ಹಂಗ ವಾಪಸ್ ಒಯ್ಯತಿದ್ದಿ. ಚಪಾತಿ ಸೇರವಲ್ದು ಅಂತ ತಿಳದೆ ನಾ."

ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ದ. ಯಲ್ಲಾಲಿಂಗನ ಹೆಂಡತಿ ಶಿವಕುಮಾರಿಯನ್ನೂ ಕರೆಸಿದ. ಪಗಾರ ನಿಲ್ಲುವುದಿಲ್ಲ, ಮನೆಯಲ್ಲಿ ಮಲಗಿರು ಎಂದ. ವಾರ ಕಳೆದು ಅವಳೇ ಭಾಂಡುಪಿನಲ್ಲಿದ್ದ ಶಿವಪುತ್ರಪ್ಪನ ವರ್ಕ್‌ಶಾಪಿಗೆ ಬಂದಳು. "ಅಣ್ಣಾರ, ದಿನವೆಲ್ಲಾ ಗ್ವಾಡಿ ನೋಡಕೋತ ಕೂಡತಾರ. ಕುಂತು ಮಾಡೂವಂಥಾ ಕೆಲಸಾ ಏನರ ಕೊಡ್ರಿ." ವೈದ್ಯರೂ ಹೌದೆಂದರು. ಯಲ್ಲಾಲಿಂಗನಿಗೆ ಅರ್ಧ ದಿನ ಬೆಂಚಿನ ಮೇಲೆ ಬಿಡಿಭಾಗ ಒರೆಸುವ ಕೆಲಸವಾಯಿತು.

ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಶಿವಪುತ್ರಪ್ಪ ದಿನಾ ಯಲ್ಲಾಲಿಂಗನಿಗೆ ಫೋನ್ ಹಚ್ಚುತ್ತಿದ್ದ. "ಯಾರದಾರ ಅಲ್ಲೆ?" ಮೊದಮೊದಲು ಬರೀ ಉಸಿರು. ಅವನು ಕಾಯುತ್ತಿದ್ದ. ಆಮೇಲೆ, ಎಲ್ಲಿಂದಲೋ ಹತ್ತಿ ಬಂದಂತೆ, "ಯಲ್ಲಾಲಿಂಗ."

"ಸೇಠ್, ಇಷ್ಟು ಫೋನ್ ನಾನು ಗರ್ಲ್‌ಫ್ರೆಂಡಿಗೂ ಮಾಡಲ್ಲ," ಎಂದ ಒಂದು ದಿನ ವರ್ಕ್‌ಶಾಪಿನ ಬೆಂಚಿನ ಆ ತುದಿಯಲ್ಲಿ ಕೂತಿದ್ದ ಕೆಲಸದ ಹುಡುಗ ರೋಶನ್.

"ಅದಕ್ಕ ನಿನಗ ಯಾರೂ ಇಲ್ಲ."

ಯಲ್ಲಾಲಿಂಗ ನಕ್ಕ. ಎಷ್ಟೋ ದಿನದ ಮೇಲೆ.

ಯಲ್ಲಾಲಿಂಗ ಮತ್ತೆ ಲಿಫ್ಟಿನ ಕೆಲಸಕ್ಕೆ ಹೋಗಬಹುದೆಂದು ಐದು ತಿಂಗಳಿಗೆ ವೈದ್ಯರು ಒಪ್ಪಿದರು. ಅದೇ ಪವಾಯಿಯ ಬಿಲ್ಡಿಂಗು. ಈ ಸಲ ಯಲ್ಲಾಲಿಂಗನನ್ನು ಸ್ವಿಚ್ಚಿನ ಬಳಿ ನಿಲ್ಲಿಸಿ ಶಿವಪುತ್ರಪ್ಪ ತಾನೇ ಲಿಫ್ಟಿನ ಮೇಲಿಳಿದ. ಕೆಲಸ ಮುಗಿಸಿ ಹೊರಬಂದು ಕಿವಿಗೊಟ್ಟು ನಿಂತ.

"ಯಾರದಾರ ಅಲ್ಲೆ?"

"ಶಿವಪುತ್ರಪ್ಪ."

ಮಧ್ಯಾಹ್ನ ಮೆಟ್ಟಿಲ ಮೇಲೆ ಇಬ್ಬರೂ ಡಬ್ಬಿ ಬಿಚ್ಚಿದರು.

"ಅಣ್ಣಾ, ಈಗ ಆರಾಮದೀನಿ. ನಿದ್ದಿ ಬರ್ತದ. ನಾಳಿಂದ ಫೋನ್ ಬ್ಯಾಡ್ರಿ, ಮಕ್ಕಳು ನಗತಾವ."

ಶಿವಪುತ್ರಪ್ಪ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಡಬ್ಬಿಯ ಮುಚ್ಚಳದಲ್ಲಿಟ್ಟ.

"ಆಗಂಗಿಲ್ಲ," ಎಂದ.