ಗಂಟಲು ಕೊಯ್ದ ಮೇಲೂ ಕೂಗಿದ ದನಿ

ನನ್ನ ಅಣ್ಣ ಅದೆಮಾರ್‌ನ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿ ಆಸ್ಪತ್ರೆಯವರು ಮನೆಗೆ ಕಳಿಸಿದ ವಾರವೇ ಅವನ ದನಿ ನಮ್ಮ ಬೀದಿಗೆ ಬಂತು. ಬೆಳಗಿನ ಹೊತ್ತು. ಅತ್ತಿಗೆ ಜುರೆಮಾ ಜೋಳದ ಹಿಟ್ಟನ್ನು ಹಬೆಗಿಟ್ಟಿದ್ದಳು. ಕತ್ತಿನ ತೂತಿನ ಮೇಲೆ ತೆಳುಬಟ್ಟೆ ಕಟ್ಟಿಕೊಂಡು ಅಣ್ಣ ಜೋಲಿಯಲ್ಲಿ ಕೂತಿದ್ದ. ತಲೆಯ ಮೇಲೆ ಧ್ವನಿವರ್ಧಕ ಹೊತ್ತ ಪ್ರಚಾರದ ಕಾರು ಚರ್ಚಿನ ತಿರುವು ದಾಟಿ ನಿಧಾನವಾಗಿ ಬಂತು.

"ಅಬ್ದಿಯಾಸರ ಕಶಾಸ! ಗಂಟಲಿಗಿಳಿದ್ರೆ ಗುಂಡಿಗೆ ಗಟ್ಟಿ!"

ಅದು ಅಣ್ಣನದೇ ದನಿ, ಹಿಂದೆ ಯಾವಾಗಲೋ ಮುದ್ರಿಸಿಕೊಂಡದ್ದು. ಪರಾಯ್ಬಾ ರಾಜ್ಯದ ನಮ್ಮ ಗುಡ್ಡಸೀಮೆಯಲ್ಲಿ ಆ ದನಿ ತಿಳಿಯದವರಿಲ್ಲ. ಎಲ್ಲಿ ವಕೆಜಾಡ ನಡೆದರೂ, ಕುದುರೆ ಮೇಲಿನವರು ಗೂಳಿಯ ಬಾಲ ಹಿಡಿದು ಕೆಡಹುವಾಗ, ಅಟ್ಟಣೆಯಿಂದ ಕೂಗುತ್ತಿದ್ದವನು ಅವನು. ಅವನು "ಬಿತ್ತು ಗೂಳಿ!" ಅಂದಮೇಲೇ ಗೂಳಿ ಬಿದ್ದ ಲೆಕ್ಕ. ಕಬ್ಬಿನ ಸಾರಾಯಿ ಕಶಾಸ ಇಳಿಸುವ ಅಬ್ದಿಯಾಸನ ಭಟ್ಟಿಯವರು ಪ್ರತಿ ಆಟಕ್ಕೂ ಅವನ ಪಕ್ಕದಲ್ಲಿ ಬಾಟಲಿ ಇಡುತ್ತಿದ್ದರು. ಜನರಿಗೆ ಕಾಣುವಂತೆ ಕುಡಿಯಬೇಕು, ಕುಡಿದು ಕೂಗಬೇಕು. ಇನ್ನೊಂದು ಕೈಯಲ್ಲಿ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ಹೊಗೆಸೊಪ್ಪು ಉರಿಯುತ್ತಿತ್ತು. ಅದನ್ನು ಕಲಿಸಿದವನು ನಮ್ಮಪ್ಪ. ಕಬ್ಬಿನ ಗದ್ದೆಯಲ್ಲಿ ಸೊಳ್ಳೆ ಬರದಿರಲಿ ಎಂದು, ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ.

ಜುರೆಮಾ ಒಲೆ ಬಿಟ್ಟು ಬೀದಿಗೆ ಓಡಿ ಕಾರಿನ ಮುಂದೆ ನಿಂತಳು.

"ನಿಲ್ಸು ಅದನ್ನ."

"ಅಮ್ಮಾ, ನಂದೇನಿದೆ ಇದ್ರಲ್ಲಿ? ಊರೆಲ್ಲಾ ಸುತ್ತು ಅಂದಿದಾರೆ, ಸುತ್ತುತ್ತಿದೀನಿ," ಎಂದ ಚಾಲಕ.

"ಆ ದನಿಯವನು ಒಳಗೆ ಕೂತಿದಾನೆ. ಹೋಗಿ ಅವನ ಮುಖ ನೋಡಿ ಬಾ. ಆಮೇಲೆ ಸುತ್ತು."

ಅವನು ಒಳಗೆ ಬರಲಿಲ್ಲ. ಗುಂಡಿ ಒತ್ತಿ ದನಿ ನಿಲ್ಲಿಸಿದ. ಮುಂದಿನ ಬೀದಿಗೆ ಹೋಗಿ ಮತ್ತೆ ಹಚ್ಚಿದ. ಅಣ್ಣ ಎರಡೂ ಕಿವಿ ಮುಚ್ಚಿಕೊಂಡಿದ್ದ.

ನನಗೆ ಅಣ್ಣನ ಮೇಲೂ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ದನಿ ಒಡೆದಾಗ "ಕೂಗಿ ಕೂಗಿ ಹಿಂಗಾಗಿದೆ" ಎಂದು ನಗುತ್ತಿದ್ದ. ಬೈದು ಆರೋಗ್ಯ ಕೇಂದ್ರಕ್ಕೆ ಅಟ್ಟಿದರೆ ಅಲ್ಲಿ ಪ್ರತಿ ಸಲವೂ ಹೊಸ ಡಾಕ್ಟರು. ಪ್ರತಿ ಸಲವೂ ಚಪ್ಪರಿಸುವ ಅದೇ ಮಾತ್ರೆ. ಒಬ್ಬನೂ ಬಾಯೊಳಗೆ ಬೆಳಕು ಬಿಟ್ಟು ನೋಡಲಿಲ್ಲ. ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಮೇಲೆ ರಾಜಧಾನಿಗೆ ಚೀಟಿ ಬರೆದರು.

ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ. ಕಬ್ಬು ಕಡಿಯುವವರು, ಗಾರೆ ಕೆಲಸದವರು, ಮೀನು ಹಿಡಿಯುವವರು. ಐವತ್ತು ದಾಟಿದ ಗಂಡಸರು, ಸೊರಗಿದ ಕೆನ್ನೆ, ಹಾಳಾದ ಹಲ್ಲು. ಒಂದೇ ತಾಯಿ ಹೆತ್ತ ಹಾಗಿದ್ದರು. ಎಳೆಯ ಡಾಕ್ಟರು ಕೇಳಿದ್ದನ್ನೇ ಎಲ್ಲರಿಗೂ ಕೇಳುತ್ತಿದ್ದ. ಹೊಗೆ ಸೇದ್ತೀರಾ, ಯಾವಾಗಿಂದ, ಕುಡೀತೀರಾ, ಎಷ್ಟು.

"ಇಲ್ಲಿಗೆ ಬರೋರು ಹೆಚ್ಚೂಕಮ್ಮಿ ಹಿಂಗೇ," ಎಂದ. "ಹೊಗೆ ಒಂದು ಅಪಾಯ, ಹೆಂಡ ಇನ್ನೊಂದು. ಎರಡೂ ಸೇರಿದ್ರೆ ಕೂಡೋದಲ್ಲ, ಗುಣಿಸೋದು. ಅದ್ರ ಮೇಲೆ ಇಷ್ಟು ತಡವಾಗಿ ಬರ್ತಾರೆ. ತಾವೇ ತಂದ್ಕೊಳ್ಳೋದು."

ಜುರೆಮಾ ಕುರ್ಚಿಯಿಂದ ಎದ್ದಳು. "ತಾನೇ ತಂದ್ಕೊಂಡ, ಒಪ್ಕೋತೀನಿ. ಲೋಟಕ್ಕೆ ಸುರಿದೋರು ಯಾರೂ ಇಲ್ವಾ? ಮಾತ್ರೆ ಕೊಟ್ಟು ಮನೆಗಟ್ಟಿದೋರು ಇಲ್ವಾ? ಎಲ್ಲಾ ಇವನೊಬ್ನೇ ಮಾಡ್ಕೊಂಡ್ನಾ?"

"ನಿಮ್ಮ ಸಿಟ್ಟು ಅರ್ಥ ಆಗುತ್ತಮ್ಮಾ."

"ಅರ್ಥ ಮಾಡ್ಕೊಳ್ಳಿ ಅಂತ ನಾನು ಕೇಳ್ಲಿಲ್ಲ."

ಡಾಕ್ಟರು ಕೆಟ್ಟವನಲ್ಲ, ದಣಿದಿದ್ದ. ಆಮೇಲೆ ಚೆನ್ನಾಗಿಯೇ ನೋಡಿಕೊಂಡ. ಆದರೆ ಆ ಮಾತು ಜುರೆಮಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಪ್ರಚಾರದ ಕಾರು ಬಂದ ದಿನವೇ ಅವಳು ನನ್ನನ್ನು ಕರೆದುಕೊಂಡು ಭಟ್ಟಿಗೆ ಹೋದಳು. ಅಬ್ದಿಯಾಸ್ ನಮ್ಮನ್ನು ಕೂರಿಸಿ ಕಾಫಿ ತರಿಸಿದ.

"ಆ ದನಿ ನಿಲ್ಸಿ, ಯಜಮಾನ್ರೆ."

"ಅದೇನಮ್ಮಾ ಹಂಗಂತೀರಿ? ಅದೆಮಾರ್ ನಮ್ಮ ಮನೆಯವನಿದ್ದ ಹಾಗೆ. ಅವನ ಹೆಸರು ಉಳೀತಿದೆ ಅಂತ ಖುಷಿ ಪಡಿ. ಈ ಸಲದ ವಕೆಜಾಡದಲ್ಲಿ ಸನ್ಮಾನ ಇಟ್ಕೊಂಡಿದೀವಿ."

"ಸನ್ಮಾನಕ್ಕೆ ಏನು ಕೊಡ್ತೀರಿ? ಗಂಟಲಾ?"

ಅವನು ನಕ್ಕು ಮಾತು ತೇಲಿಸಿದ. ನಾವು ಹೊರಡುವಾಗ ಆಳೊಬ್ಬ ಕಶಾಸದ ಪೆಟ್ಟಿಗೆಯನ್ನು ತಂದು ನಮ್ಮ ಮುಂದಿಟ್ಟ, ಕಾಣಿಕೆಯಂತೆ. ಜುರೆಮಾ ಒಂದೊಂದೇ ಬಾಟಲಿ ಎತ್ತಿ ಅವನ ಅಂಗಳದ ಕಲ್ಲಿಗೆ ಒಡೆದಳು. ಯಾರೂ ತಡೆಯಲು ಬರಲಿಲ್ಲ.

ಸನ್ಮಾನಕ್ಕೆ ಹೋಗುವುದು ಬೇಡವೆಂದು ನಾವಿಬ್ಬರೂ ಹಟ ಹಿಡಿದೆವು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಅವನ ಕಣ್ಣು ನೋಡಿ ನಾವೂ ಚಪ್ಪಲಿ ಮೆಟ್ಟಿದೆವು.

ಅಖಾಡದ ತುಂಬ ಜನ. ಹೊಸದಾಗಿ ಕೂಗುವ ಹುಡುಗ ಜೊಸಿವಾನ್ ಅಣ್ಣನನ್ನು ಅಟ್ಟಣೆಗೆ ಹತ್ತಿಸಿಕೊಂಡು ಹೊಗಳಿದ. ಅಬ್ದಿಯಾಸ್ ಫಲಕ ಕೊಟ್ಟು ಫೋಟೋ ತೆಗೆಸಿಕೊಂಡ. ಹಿಂದಿನಿಂದ ಧ್ವನಿವರ್ಧಕದಲ್ಲಿ ಅದೇ ಹಳೆಯ ಕೂಗು ಶುರುವಾಯಿತು. ಗಂಟಲಿಗಿಳಿದ್ರೆ ಗುಂಡಿಗೆ ಗಟ್ಟಿ. ಕೂಗು ಮುಗಿದಾಗ ಜನ ಚಪ್ಪಾಳೆ ಹೊಡೆದರು.

ಅಣ್ಣ ಫಲಕವನ್ನು ನೆಲಕ್ಕಿಟ್ಟು ಜೊಸಿವಾನ್‌ನ ಕಡೆ ಕೈ ಚಾಚಿದ. ಆ ಹುಡುಗ ಮರ್ಯಾದೆಯಿಂದ ಮೈಕು ಕೊಟ್ಟ. ಅಣ್ಣ ಕತ್ತಿನ ಬಟ್ಟೆ ಬಿಚ್ಚಿ ಮೈಕನ್ನು ಆ ತೂತಿಗೆ ಹಿಡಿದ.

ಮಾತು ಹೇಗೆ ಬಂದೀತು? ಉಸಿರು ಬಂತು. ಗೊರಗೊರ ಎಂದು, ಕಫ ತುಂಬಿದ ಉಸಿರು, ಕಂಬಕಂಬದ ಧ್ವನಿವರ್ಧಕದಿಂದ ಅಖಾಡದ ತುಂಬ ಹರಡಿತು. ಮೊದಲು ಒಂದಿಬ್ಬರು ನಕ್ಕರು. ಆಮೇಲೆ ಆ ಉಸಿರು, ಕುದುರೆಗಳ ಕಾಲಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಕೆಳಗೆ ನಿಂತ ಸವಾರನೊಬ್ಬ ಟೊಪ್ಪಿಗೆ ತೆಗೆದ. ಅಬ್ದಿಯಾಸ್ ಮೈಕು ಕಿತ್ತುಕೊಳ್ಳಲು ಹೋದಾಗ ಅಣ್ಣ ಅವನ ಮಣಿಕಟ್ಟು ಹಿಡಿದು ತನ್ನ ಕತ್ತಿನತ್ತ ಎಳೆದ. ಆ ತೂತನ್ನು ಅಷ್ಟು ಹತ್ತಿರದಿಂದ ಕಂಡ ಅಬ್ದಿಯಾಸ್ ಮುಖ ಹೊರಳಿಸಿದ. ಯಾರೋ ವಿದ್ಯುತ್ತಿನ ತಂತಿ ಕಿತ್ತರು.

ನಮ್ಮೂರಲ್ಲಿ ಆ ಕೂಗು ನಿಂತಿತು. ಪಕ್ಕದ ಊರುಗಳಲ್ಲಿ ಈಗಲೂ ಕೇಳುತ್ತದಂತೆ. ಅಬ್ದಿಯಾಸನ ವ್ಯಾಪಾರಕ್ಕೆ ಏನೂ ಆಗಿಲ್ಲ.

ಅಣ್ಣ ಈಗ ಬೆಳಿಗ್ಗೆ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಹೋಗಿ ಕೂರುತ್ತಾನೆ, ಕತ್ತಿಗೆ ಬಟ್ಟೆ ಕಟ್ಟದೆ. ಸಾಲಿನಲ್ಲಿ ಯಾರದಾದರೂ ದನಿ ಒಡೆದಿದ್ದರೆ, ಬಾಯಲ್ಲಿ ಮಾಯದ ಹುಣ್ಣಿದ್ದರೆ, ರಟ್ಟೆ ಹಿಡಿದು ಒಳಗೆ ಕರೆದೊಯ್ದು ಮೇಜು ಗುದ್ದುತ್ತಾನೆ. ರೋಗಿಗಳನ್ನು ಹೆದರಿಸಬಾರದೆಂದು ಮೇಲಿನಿಂದ ಹೇಳಿಕಳಿಸಿದರು. ಜುರೆಮಾ ಅವರಿಗೆ "ಹೆದರ್ಲಿ" ಎಂದಷ್ಟೇ ಉತ್ತರ ಕೊಟ್ಟಳು.

ಮೊನ್ನೆ ಅವನು ಎಳೆದುಕೊಂಡು ಹೋದದ್ದು ಸಂತೆಯಲ್ಲಿ ತಪಿಯೋಕ ರೊಟ್ಟಿ ಸುಡುವ, ದನಿ ಒಡೆದ ಹೆಂಗಸನ್ನು.

"ಇವ್ರು ಹೊಗೆ ಸೇದಲ್ಲ, ಕುಡಿಯಲ್ಲ. ಇವ್ರಿಗೇನು ಅಪಾಯ?" ಎಂದಳು ನರ್ಸು.

ಅಣ್ಣ ಮೇಜು ಗುದ್ದಿದ. ಅವಳು ಮಾತ್ರೆಯ ಪಟ್ಟಿ ಚಾಚಿದಳು. ಅವನು ಅದನ್ನು ಪಕ್ಕಕ್ಕೆ ತಳ್ಳಿ ಮತ್ತೆ ಗುದ್ದಿದ, ಪೆನ್ನು ಉರುಳಿ ನೆಲಕ್ಕೆ ಬೀಳುವವರೆಗೆ. ನರ್ಸು ಬಗ್ಗಿ ಪೆನ್ನು ಎತ್ತಿಕೊಂಡು, ಬೈಯುತ್ತಲೇ, ರಾಜಧಾನಿಗೆ ಚೀಟಿ ಬರೆದಳು.