ಗೆರೆಯಿಲ್ಲದ ಬೆರಳುಗಳು

ನಮ್ಮ ದೊಡ್ಡಮ್ಮನ ಬೆರಳುಗಳಲ್ಲಿ ಗೆರೆಗಳಿಲ್ಲ. ಹುಟ್ಟುವಾಗಲೇ ಮನುಷ್ಯನಿಗೆ ದಕ್ಕುವ, ಇಡೀ ಲೋಕದಲ್ಲಿ ಇನ್ನೊಬ್ಬರಿಗಿಲ್ಲದ ಆ ಸೂಕ್ಷ್ಮ ಸುರುಳಿಗಳು ಅವಳ ಹತ್ತೂ ಬೆರಳುಗಳ ತುದಿಯಿಂದ ಅಳಿಸಿಹೋಗಿ, ಹೊಳೆಯ ಕಲ್ಲಿನಂತೆ ನುಣುಪಾಗಿವೆ. ಯಾವುದೋ ಕಾಗದಪತ್ರಕ್ಕೆಂದು ಒಂದು ಕಚೇರಿಗೆ ನಾನೇ ಅವಳನ್ನು ಕರೆದುಕೊಂಡು ಹೋಗಿದ್ದೆ. ಬೆರಳಚ್ಚು ತೆಗೆದುಕೊಳ್ಳುವ ಯಂತ್ರ ಮೂರು ಸಲ ಕೆಂಪು ದೀಪ ತೋರಿಸಿತು. ಗುಮಾಸ್ತ ಮೊದಲು ಯಂತ್ರದ ಗಾಜು ಒರೆಸಿದ, ಆಮೇಲೆ ದೊಡ್ಡಮ್ಮನ ಹೆಬ್ಬೆರಳು ಒರೆಸಿದ, ಕೊನೆಗೆ ತನ್ನ ಕನ್ನಡಕವನ್ನೇ ತೆಗೆದು ಒರೆಸಿಕೊಂಡ.

"ಅಮ್ಮಾ, ನಿಮ್ಮ ಬೆರಳಲ್ಲಿ ಏನೂ ಇಲ್ವಲ್ಲ."

"ಇತ್ತಪ್ಪ. ಒಗೆದುಬಿಟ್ಟೆ," ಎಂದಳು ದೊಡ್ಡಮ್ಮ.

ಅದು ತಮಾಷೆಯ ಮಾತಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಒಂದು ದೊಡ್ಡ ಲಾಂಡ್ರಿಯಲ್ಲಿ, ಕುದಿಯುವ ನೀರು, ಸೋಡಾ, ಬ್ಲೀಚುಗಳ ನಡುವೆ ಊರಿನವರ ಕೊಳೆ ತೆಗೆಯುತ್ತ ತನ್ನ ಗುರುತನ್ನೂ ಸ್ವಲ್ಪಸ್ವಲ್ಪವಾಗಿ ಮೋರಿಗೆ ಹರಿಯಬಿಟ್ಟಿದ್ದಳು. ಚಳಿಗಾಲದಲ್ಲಿ ಅವಳ ಅಂಗೈ ಕೆರೆಯ ತಳದಂತೆ ಬಿರಿಯುತ್ತಿತ್ತಂತೆ; ಅನ್ನ ಕಲಸಿದರೆ ಉಪ್ಪು ಉರಿಯುತ್ತಿತ್ತಂತೆ. ಐವತ್ತರ ಹತ್ತಿರ ಬಂದಾಗ ಅಲ್ಲಿಂದ ಹೊರಟು, ಒಂದು ಹಳೆಯ ಗೋದಾಮನ್ನು ಬಾಡಿಗೆಗೆ ಹಿಡಿದು, ನಾಲ್ಕು ಮಷಿನ್ನು ಹನ್ನೊಂದು ಹೆಂಗಸರ ಸ್ವಂತ ಲಾಂಡ್ರಿ ತೆರೆದಳು. ಓದು ಮುಗಿಸಿ ಏನು ಮಾಡಬೇಕೆಂದು ತೋಚದೆ ನಾನು ಎರಡು ವರ್ಷ ಅಲ್ಲೇ ಬಟ್ಟೆ ಮಡಚಿದೆ. ಆ ಎರಡು ವರ್ಷಗಳಲ್ಲಿ ಕಂಡದ್ದು ಇದು.

ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿ ನಿಂತು, ಒಳಗೆ ಬರುವ ಒಬ್ಬೊಬ್ಬಳ ಅಂಗೈಯನ್ನೂ ಅವಳು ನೋಡುತ್ತಿದ್ದಳು. ಮುಖ ನೋಡುವುದಕ್ಕಿಂತ ಮೊದಲು ಕೈ. ಬೆರಳಿನ ಸಂದುಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು, ಒರಟಾಗಿದ್ದ ಕಡೆ ತನ್ನ ನುಣುಪು ಬೆರಳಿನಿಂದ ಸವರಿ ನೋಡುವಳು. ಕೈ ಕೆಂಪಾಗಿದ್ದರೆ ಅವಳಿಗೆ ಅಂದು ಒಗೆಯುವ ಕೆಲಸವಿಲ್ಲ, ಮಡಚುವ ಕೆಲಸ. ಮೂವರ ಕೈ ಕೆಂಪಾಗಿದ್ದರೆ ಸೋಪೇ ಬದಲು. ಹೊಸದಾಗಿ ಸೇರಿದವಳೊಬ್ಬಳು ಇದನ್ನು ಬೇರೆಯೇ ಶಾಸ್ತ್ರವೆಂದು ತಿಳಿದು, ಕೈ ಚಾಚಿ, "ನಂಗೆ ಮದುವೆ ಯಾವಾಗ ಅಂತ ನೋಡಿ ಅಕ್ಕ," ಎಂದಳು. "ಮೊದ್ಲು ಈ ಗಾಯ ಮಾಯಲಿ. ಆಮೇಲೆ ಯಾರ್ದಾದ್ರೂ ಕೈ ಹಿಡಿಯುವೆಯಂತೆ," ಎಂದು ದೊಡ್ಡಮ್ಮ ಎಣ್ಣೆಯ ಬಟ್ಟಲನ್ನು ಅವಳ ಮುಂದೆ ಸರಿಸಿದಳು.

ನಡಿಗೆಯೂ ಅವಳದೇ. ಎರಡು ತೋಳುಗಳನ್ನೂ ಮೈಯಿಂದ ಒಂದು ಗೇಣು ದೂರವಿಟ್ಟು, ಬೆನ್ನನ್ನು ತುಸು ಹಿಂದಕ್ಕೆ ಬಾಗಿಸಿ, ಸದಾ ಒದ್ದೆ ಹಾಸುಬಟ್ಟೆಯ ಹೊರೆಯೊಂದನ್ನು ಅಪ್ಪಿಕೊಂಡಿರುವವಳಂತೆ ಬೀದಿಯಲ್ಲಿ ಬರುತ್ತಿದ್ದಳು. ಎದುರಿಗೆ ಬಂದವರು ತಾವಾಗಿಯೇ ದಾರಿ ಬಿಡುತ್ತಿದ್ದರು. ಮೈಮೇಲೆ ಮೊಣಕಾಲಿನವರೆಗೆ ಇಳಿಬಿದ್ದ ಕಂದು ಬಣ್ಣದ ಗಂಡಸರ ಕೋಟು. ಒಗೆಯಲು ಕೊಟ್ಟ ಯಾರೋ ಒಬ್ಬ ಒಂಬತ್ತು ವರ್ಷವಾದರೂ ತೆಗೆದುಕೊಂಡು ಹೋಗಿರಲಿಲ್ಲ. ಅವನ ಚೀಟಿ ಈಗಲೂ ಕಾಲರಿನ ಒಳಗೆ ಪಿನ್ನು ಹಾಕಿಕೊಂಡು ಕೂತಿತ್ತು. "ಚೆನ್ನಾಗಿದೆ ದೊಡ್ಡಮ್ಮ ನಿನ್ನ ಕೋಟು," ಎಂದರೆ, "ನಂದಲ್ಲ ಕಣೆ, ಕಾಪಾಡ್ತಾ ಇದೀನಿ ಅಷ್ಟೆ," ಎನ್ನುವಳು. ಅದರ ಜೇಬುಗಳ ತುಂಬ ಗುಂಡಿಗಳು. ಮಷಿನ್ನಿನ ತಳದಲ್ಲಿ ಸಿಕ್ಕ ಪ್ರತಿಯೊಂದು ಗುಂಡಿಯನ್ನೂ ಅದು ಕಿತ್ತು ಬಂದ ಅಂಗಿಗೇ ಹುಡುಕಿ ಹೊಲಿಸದೆ ಅವಳಿಗೆ ಸಮಾಧಾನವಿರಲಿಲ್ಲ.

ಇನ್ನು ಮಾತು. ಜಗಳವಿರಲಿ, ಸಂಬಂಧ ಕೇಳಿಕೊಂಡು ಬಂದವರಿರಲಿ, ಮನೆ ಮಾಲೀಕನ ಕೂಗಾಟವಿರಲಿ, ಅವಳ ಮೊದಲ ಉತ್ತರ ಒಂದೇ: "ತಡಿ, ಒಂಚೂರು ಒಣಗ್ಲಿ." ಹಸಿಯಾಗಿರುವುದನ್ನು ಮಡಚಿಟ್ಟರೆ ಬಟ್ಟೆಗಾದರೂ ಮಾತಿಗಾದರೂ ಬೂಸಲು ಬರುತ್ತದೆ ಎಂಬುದು ಅವಳ ಖಚಿತ ನಂಬಿಕೆ.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಗೋದಾಮಿನ ಹಿಂಭಾಗ. ಒಗೆದ ನೀರು ಅಲ್ಲಿ ನೇರವಾಗಿ ಮೋರಿಗೆ ಹೋಗುವಂತಿರಲಿಲ್ಲ. ಜಲ್ಲಿ ತುಂಬಿದ ತೊಟ್ಟಿ, ಮರಳು ಮತ್ತು ಇದ್ದಿಲು ತುಂಬಿದ ತೊಟ್ಟಿ, ಇವೆರಡನ್ನೂ ಹಾದು ಮೂರನೆಯ ತೊಟ್ಟಿಯಲ್ಲಿ ತಿಳಿಯಾಗಿ ನಿಂತು, ಆಮೇಲೆ ಟೊಮೆಟೊ ಮತ್ತು ಹುರುಳಿಕಾಯಿಯ ಮಡಿಗಳಿಗೆ ಹರಿಯುತ್ತಿತ್ತು. ಮೂರನೆಯ ತೊಟ್ಟಿಯಲ್ಲಿ ಏಳೆಂಟು ಕಪ್ಪೆಗಳು ತಾವಾಗಿಯೇ ಬಂದು ಸಂಸಾರ ಹೂಡಿದ್ದವು. ಅವುಗಳ ಮುಂದೆ ದಿನಾ ಎರಡು ನಿಮಿಷ ನಿಲ್ಲದೆ ದೊಡ್ಡಮ್ಮ ಕಾಫಿ ಕುಡಿಯುತ್ತಿರಲಿಲ್ಲ. ಆ ಮಡಿಯ ಮೊದಲ ಹಣ್ಣನ್ನು ಅವಳೇ ತಿನ್ನುವಳು. ವಾರ ಕಳೆದ ಮೇಲೆ ಉಳಿದವರಿಗೆ. "ನಂಗೇನೂ ಆಗ್ಲಿಲ್ಲ, ತಿನ್ನಿ," ಎಂದು ಅವಳು ಹಣ್ಣು ಹಂಚುವ ರೀತಿಗೆ ನಾವು ನಗುತ್ತಿದ್ದೆವು. ನಗುನಗುತ್ತಲೇ ತಿನ್ನುತ್ತಿದ್ದೆವು.

ಲಾಂಡ್ರಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಒಂದೇ ಹೋಟೆಲಿನದು. ಅಲ್ಲಿಗೆ ಹೊಸ ಮ್ಯಾನೇಜರು ಬಂದ. ಹಾಸುಬಟ್ಟೆಗಳು ಶುಭ್ರವಾಗಿವೆ, ಆದರೆ ಮಿಂಚುವುದಿಲ್ಲ ಎಂಬುದು ಅವನ ತಕರಾರು. ಬಿಳುಪಿನ ಪುಡಿಯ ಎರಡು ಡ್ರಮ್ಮುಗಳನ್ನು ಅವನೇ ಕಳಿಸಿ, ಒಂದು ತಿಂಗಳಲ್ಲಿ ಮಿಂಚು ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಹೇಳಿ ಕಳಿಸಿದ. ದೊಡ್ಡಮ್ಮ ಡ್ರಮ್ಮಿನ ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಮೂಲೆಗೆ ತಳ್ಳಿಸಿದಳು. ಹೋಟೆಲು ಹೋದರೆ ಹನ್ನೊಂದು ಜನರಲ್ಲಿ ಐದಾರು ಜನರಿಗೆ ಕೆಲಸವಿರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಆ ಹನ್ನೊಂದು ಜನರಿಗೂ ಗೊತ್ತಿತ್ತು. "ತಡಿರಿ, ಒಣಗ್ಲಿ," ಎಂದಳು. ಆ ಸಲ ಅದು ಒಣಗಲಿಲ್ಲ.

ಎರಡನೆಯ ವಾರದಲ್ಲಿ ಹಾಸುಬಟ್ಟೆಗಳು ಇದ್ದಕ್ಕಿದ್ದಂತೆ ಮಿಂಚತೊಡಗಿದವು. ಬೇಸಿಗೆಯ ಬಿಸಿಲೆಂದು ದೊಡ್ಡಮ್ಮ ಅಂದುಕೊಂಡಳು. ಬೆಳಿಗ್ಗೆ ನೋಡಿದರೆ ಎಲ್ಲರ ಅಂಗೈಗಳೂ ಹೂವಿನಂತೆ. ಮಿಂಚು ಬಂದ ಹನ್ನೊಂದನೆಯ ದಿನ ಹಿತ್ತಲಿಗೆ ಹೋದವಳು ಕಾಫಿಯ ಲೋಟವನ್ನು ಹಾಗೇ ಹಿಡಿದುಕೊಂಡು ಒಳಗೆ ಬಂದಳು.

"ಕಪ್ಪೆ ಎಲ್ಲೆ?"

ಇಸ್ತ್ರಿಪೆಟ್ಟಿಗೆಗಳು ನಿಂತವು. ಇಸ್ತ್ರಿಯ ಮೇಜಿನ ಹಿಂದೆ ದಿನವಿಡೀ ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೊ ಎಂದೇ ಹೆಸರಾದ ಹೆಂಗಸು ಕೂಡ ನೆಲ ನೋಡುತ್ತಿದ್ದಳು. ಕೊನೆಗೆ ಅವಳೇ ಬಾಯಿಬಿಟ್ಟಳು.

"ಪುಡಿ ಹಾಕಿದ್ವಿ ಅಕ್ಕ. ನೀವು ಹೊರಗೆ ಹೋದಾಗ. ನಾವೆಲ್ಲ ಸೇರ್ಕೊಂಡೇ ಹಾಕಿದ್ವಿ, ಇವಳನ್ನ ಬಿಟ್ಟು." ಇವಳು ಎಂದರೆ ನಾನು, ದೊಡ್ಡಮ್ಮನ ತಂಗಿಯ ಮಗಳು, ಚಾಡಿ ಹೇಳಬಹುದಾದವಳು.

"ಕೈ ನೋಡಿದ್ನಲ್ಲ ನಾನು."

"ಎರಡೆರಡು ಜೊತೆ ಗ್ಲೌಸ್ ಹಾಕ್ಕೊಂಡಿದ್ವಿ. ನೀವು ಕೈ ನೋಡ್ತೀರ ಅಂತ."

ಅಷ್ಟು ಜಾಣತನದಿಂದ ಹನ್ನೊಂದು ಹೆಂಗಸರು ತಮ್ಮ ಕೈಗಳನ್ನು ಬಚ್ಚಿಟ್ಟುಕೊಂಡಿದ್ದರು. ನೀರಿಗೂ ಒಂದು ಮೈ ಇದೆ, ಅದಕ್ಕೆ ಗ್ಲೌಸ್ ತೊಡಿಸಲಾಗದು ಎಂಬುದು ಯಾರಿಗೂ ಹೊಳೆದಿರಲಿಲ್ಲ. ದೊಡ್ಡಮ್ಮ ಬೈಯಬಹುದೆಂದು ನಾನು ಕಾದೆ. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ನಂಗೋಸ್ಕರ ಮಾಡಿದ್ರಾ, ನಿಮಗೋಸ್ಕರ ಮಾಡಿದ್ರಾ?"

"ಎರಡೂ ಅಂದ್ಕೊಳ್ಳಿ," ಎಂದಳು ರೇಡಿಯೊ, ಈಗ ದನಿ ಏರಿಸಿ. "ಕಪ್ಪೆಗೇನಕ್ಕ, ಅದಕ್ಕೆ ಬಾಡಿಗೆ ಕಟ್ಟೋದಿದ್ಯಾ, ಮಕ್ಕಳನ್ನ ಓದಿಸೋದಿದ್ಯಾ? ನಮ್ಗೆ ಹೊಟ್ಟೆ ಇದೆ."

"ಅದಕ್ಕೂ ಹೊಟ್ಟೆ ಇದೆ ಕಣೆ. ಅದಕ್ಕೇ ಹೋಯ್ತು," ಎಂದಳು ದೊಡ್ಡಮ್ಮ. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ಅದು ತಡ್ಕೊಳಕ್ಕಾಗದೆ ಹನ್ನೊಂದು ದಿನಕ್ಕೆ ಹೋಯ್ತು. ನಾನು ಇಪ್ಪತ್ತೆರಡು ವರ್ಷ ಕೂತಿದ್ದೆ," ಎಂದಳು.

ಆ ಮಧ್ಯಾಹ್ನವೇ ಅವಳು ಹೋಟೆಲಿಗೆ ಹೊರಟಳು. ನನ್ನನ್ನು ಜೊತೆಗೆ ಕರೆದದ್ದು ಧೈರ್ಯಕ್ಕಲ್ಲ, ಲಿಫ್ಟಿನ ಗುಂಡಿ ಒತ್ತುವುದಕ್ಕೆ. ಅವಳಿಗೆ ಲಿಫ್ಟೆಂದರೆ ಭಯ. ಮ್ಯಾನೇಜರು ಎದ್ದು ನಿಂತು ಬರಮಾಡಿಕೊಂಡ. ಮನುಷ್ಯ ಕೆಟ್ಟವನಲ್ಲ, ನಿದ್ದೆಗೆಟ್ಟ ಕಣ್ಣು, ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು.

"ಈಗ ನೋಡಿ ಅಮ್ಮ, ಎಷ್ಟು ಚೆನ್ನಾಗಿ ಬರ್ತಿವೆ ಬೆಡ್‌ಶೀಟು. ಇದನ್ನೇ ಅಲ್ವಾ ನಾನು ಕೇಳಿದ್ದು."

"ಅದು ನಾವು ಒಗೆದಿದ್ದಲ್ಲ ಸಾರ್, ನಿಮ್ಮ ಪುಡಿ ಒಗೆದಿದ್ದು. ನಾಳೆಯಿಂದ ಹಾಕಲ್ಲ. ಹಳೇ ಬಿಳುಪೇ ಬರುತ್ತೆ. ಹೇಳದೆ ಮಾಡೋದು ಸರಿಯಲ್ಲ ಅಂತ ಬಂದೆ."

ಅವನು ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿದ. "ನನಗೂ ಮೇಲಿನೋರು ಇದ್ದಾರಮ್ಮ," ಎಂದ.

"ಇರ್ತಾರೆ. ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ಕೆಲಸ ಯಾರಿಗಾದ್ರೂ ಕೊಡಿ, ಆದ್ರೆ ಕೊಡೋ ಮುಂಚೆ ಅಲ್ಲಿನ ಹೆಂಗಸರ ಕೈ ಒಂದ್ಸಲ ನೋಡ್ಕೊಂಡು ಬನ್ನಿ."

ಕೆಲಸ ಹೋಯಿತು. ದೊಡ್ಡಮ್ಮ ಹಳೆಯ ಲಾಂಡ್ರಿಯ ನಿಯಮದಂತೆ ಐದು ಜನರನ್ನು ಕಳಿಸಿಬಿಡಬಹುದಿತ್ತು. ಬದಲಿಗೆ ಎಲ್ಲರನ್ನೂ ಕೂರಿಸಿ, ಇರುವ ಕೆಲಸವನ್ನು ಹನ್ನೊಂದು ಪಾಲು ಮಾಡೋಣ, ಯಾರೂ ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಬರುವುದು ಬೇಡ, ತಾನೂ ಅಷ್ಟೇ, ಎಂದಳು. ಇಬ್ಬರು ಒಪ್ಪಲಿಲ್ಲ. ಅವರ ಮನೆಯಲ್ಲಿ ಮೂರು ದಿನದ ದುಡಿಮೆ ಸಾಲದು. ಹೋಟೆಲಿನ ಕೆಲಸ ಹಿಡಿದ ಹೊಸ ಲಾಂಡ್ರಿಗೇ ಅವರು ಹೊರಟರು. ಆ ಬೆಳಿಗ್ಗೆ ದೊಡ್ಡಮ್ಮ ಎಣ್ಣೆಯ ಎರಡು ಸೀಸೆ, ನಾಲ್ಕು ಜೊತೆ ಗ್ಲೌಸ್ ಹಿಡಿದುಕೊಂಡು ಅವರ ಜೊತೆ ಆ ಲಾಂಡ್ರಿಯ ಗೇಟಿನವರೆಗೆ ನಡೆದು ಹೋಗಿ, ಬಿಸಿನೀರಿಗೆ ಕೈ ಹಾಕುವ ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಎಂದು ಶಾಲೆಗೆ ಮಕ್ಕಳನ್ನು ಬಿಡುವವಳಂತೆ ಹೇಳಿ ಬಂದಳು. ನನಗಾಗಿದ್ದರೆ ಸಿಟ್ಟು ಬರುತ್ತಿತ್ತು. ದೊಡ್ಡವರ ದೊಡ್ಡತನವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ಗೇಟಿನ ಹೊರಗೆ ಗ್ಲೌಸ್ ಹಿಡಿದು ನಿಂತಿದ್ದನ್ನು ಅಂದು ಕಂಡೆ.

ಆ ವರ್ಷ ಕಷ್ಟದ ವರ್ಷ. ರೇಡಿಯೊ ಮನೆಯಲ್ಲಿ ಹಾಲು ಅರ್ಧಕ್ಕಿಳಿಯಿತು. ದೊಡ್ಡಮ್ಮ ಮನೆ ಬಿಟ್ಟು ಗೋದಾಮಿನ ಅಟ್ಟದ ಮೇಲೇ ಹಾಸಿಗೆ ಹಾಕಿದಳು. ಆದರೆ ಅದೇ ವರ್ಷ ಯಾರೂ ಲೆಕ್ಕ ಹಾಕಿರದ ಇನ್ನೊಂದು ಸಂಗತಿಯೂ ನಡೆಯಿತು. ಒಂದು ದಿನ ರೇಡಿಯೊ ಮಷಿನ್ನಿನ ಸದ್ದಿನ ನಡುವೆ ಕೂಗಿ ಹೇಳಿದಳು: "ಅಕ್ಕಾ, ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ಮಧ್ಯಾಹ್ನ ಅನ್ನೋದು ಹೇಗಿರುತ್ತೆ ಅಂತ ನೋಡ್ದೆ. ಕಿಟಕಿ ಹತ್ರ ಕೂತಿದ್ದೆ. ಬಿಸಿಲು ಗೋಡೆ ಮೇಲೆ ನಡ್ಕೊಂಡು ಹೋಗುತ್ತೆ, ಗೊತ್ತಾ ನಿಮ್ಗೆ?" ಅವಳ ಹಳೆಯ ಕೆಮ್ಮು ಕಡಿಮೆಯಾಗಿತ್ತು. ಇನ್ನೊಬ್ಬಳು ಸೈಕಲ್ ಕಲಿತಳು. ಮತ್ತೊಬ್ಬಳು ಅತ್ತೆಯ ಜೊತೆ ಜಗಳವಾಡುವುದಕ್ಕೆ ಈಗ ಸಾಕಷ್ಟು ಬಿಡುವು ಸಿಕ್ಕಿದೆ ಎಂದಳು.

ಹೊಸ ಗಿರಾಕಿಗಳಾಗಿ ಮೊದಲು ಬಂದವರು ಆ ಹೋಟೆಲಿನ ಕೋಣೆ ಗುಡಿಸುವ ಹೆಂಗಸರೇ. ಆ ಮಿಂಚುವ ಹಾಸುಬಟ್ಟೆಗಳನ್ನು ದಿನಕ್ಕೆ ನಲವತ್ತು ಹಾಸಿಗೆಗೆ ಹಾಸಿ ಅವರ ಮೊಣಕೈಗಳೆಲ್ಲ ತುರಿಸಿ ಕೆಂಪಾಗಿದ್ದವು. ಅವರು ತಮ್ಮ ಮನೆಯ ಬಟ್ಟೆ ತಂದರು. ಅವರಲ್ಲೊಬ್ಬಳ ಅಕ್ಕ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಅವಳು ಬಂದು, ತೊಟ್ಟಿಗಳ ಸುತ್ತ ಒಂದು ಸುತ್ತು ಹಾಕಿ, ಕುದಿಸುವ ಹಂಡೆ ನೋಡಿ, ಹಸುಗೂಸುಗಳ ಬಟ್ಟೆಯನ್ನೆಲ್ಲ ಇಲ್ಲಿಗೇ ಕಳಿಸುತ್ತೇನೆಂದಳು. ವಾರದ ಮೂರು ದಿನ ನಾಲ್ಕಾಯಿತು. ಐದು ಮಾಡೋಣವೇ ಎಂದು ದೊಡ್ಡಮ್ಮ ಕೇಳಿದಾಗ ಒಂಬತ್ತು ಜನರೂ ಬೇಡವೆಂದರು. ಆ ಒಂದು ದಿನವನ್ನು ಹೋದ ಇಬ್ಬರಿಗೆ ತೆಗೆದಿಡಿ ಎಂದರು. ಒಬ್ಬಳು ವಾಪಸ್ಸು ಬಂದಳು. ಇನ್ನೊಬ್ಬಳು ಬರಲಿಲ್ಲ, ಅವಳಿಗೆ ಅಲ್ಲಿ ಬಡ್ತಿ ಸಿಕ್ಕಿತ್ತು. ಅದಕ್ಕೂ ದೊಡ್ಡಮ್ಮ ಸಂತೋಷಪಟ್ಟಳು.

ಪ್ರತಿ ಕಸುಬಿನಲ್ಲೂ ಇಂಥವರು ಒಬ್ಬೊಬ್ಬರು ಇರುತ್ತಾರೆಂದು ಈಗ ನನಗೆ ಅನಿಸುತ್ತದೆ. ಗಿರಣಿಯ ಧೂಳು ಯಾರ ಎದೆಗೆ ಇಳಿಯುತ್ತದೆಂದು ನೋಡಿ ಗೋಡೆಗೆ ಕಿಟಕಿ ಇಡಿಸುವವರು, ಒಲೆಯ ಹೊಗೆ ಯಾರ ಮನೆಯ ಕಡೆ ತಿರುಗುತ್ತದೆಂದು ಗಾಳಿ ನೋಡಿ ಬೆಂಕಿ ಹಾಕುವವರು. ಪರಿಸರ, ಆರ್ಥಿಕತೆ, ಆರೋಗ್ಯ ಎಂದು ನಾವು ಮೂರು ಕೋಣೆಗಳಲ್ಲಿ ಕೂರಿಸಿ ಚರ್ಚಿಸುವ ಸಂಗತಿಗಳು ಅವರಿಗೆ ಒಂದೇ ಮೈಯ ಮೂರು ನೋವುಗಳು. ಅದನ್ನು ಅವರು ಓದಿ ತಿಳಿದದ್ದಲ್ಲ, ದುಡಿದು ತಿಳಿದದ್ದು. ಅವರ ಹತ್ತಿರ ಬದುಕುವುದು ಸುಲಭವೂ ಅಲ್ಲ, ಏಕೆಂದರೆ ಅವರು ಉಪದೇಶ ಮಾಡದ ಕಾರಣ ಜಗಳಕ್ಕೂ ಸಿಗುವುದಿಲ್ಲ. ಜಗತ್ತು ಅವರಿಂದ ಬದಲಾಗುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಆ ಹೋಟೆಲಿನ ಹಾಸುಬಟ್ಟೆಗಳು ಇವತ್ತೂ ಪುಡಿಯಲ್ಲೇ ಮಿಂಚುತ್ತಿವೆ. ಆದರೆ ಇಂಥವರೊಬ್ಬರು ಇರುವ ಬೀದಿಯಲ್ಲಿ, ಬೇರೆ ದಾರಿಯೇ ಇರಲಿಲ್ಲ ಎಂಬ ಮಾತನ್ನು ಯಾರೂ ನಿಶ್ಚಿಂತೆಯಿಂದ ಆಡಲಾರರು.